ಎಣಿಕೆಗೆ ಸಿಗದ ಸಂಕೇತ: ಹಸುವಿನ ಎಳೆಯ ಭ್ರೂಣದಲ್ಲಿ ಎಲ್‌ಪಿಎ

2014ರಲ್ಲಿ ಪೋರ್ಚುಗಲ್ ಮತ್ತು ಪೋಲೆಂಡಿನ ಸಂಶೋಧಕರು ಸೇರಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯುತ್ತಿದ್ದ ಹಸುವಿನ ಭ್ರೂಣಗಳ ಪೋಷಕ ದ್ರವಕ್ಕೆ ಅವರು ಲೈಸೋಫಾಸ್ಫಾಟಿಡಿಕ್ ಆಮ್ಲ ಎಂಬ ಪುಟ್ಟ ಕೊಬ್ಬಿನಣುವನ್ನು ಎರಡನೆಯ ದಿನದಿಂದ ಎಂಟನೆಯ ದಿನದವರೆಗೆ ಬೆರೆಸಿದ್ದರು. ಉದ್ದದ ಹೆಸರಿನ ಬದಲು ಇನ್ನು ಮುಂದೆ ಅದನ್ನು ಎಲ್‌ಪಿಎ ಎಂದೇ ಕರೆಯೋಣ. ಕೊನೆಗೆ ಲೆಕ್ಕ ಹಾಕಿದಾಗ ಎಲ್‌ಪಿಎ ಪಡೆದ ಗುಂಪಿಗೂ ಪಡೆಯದ ಗುಂಪಿಗೂ ಭ್ರೂಣಗಳ ಇಳುವರಿಯಲ್ಲಿ ವ್ಯತ್ಯಾಸವಿರಲಿಲ್ಲ. ಅವುಗಳ ಗುಣಮಟ್ಟವೂ ಒಂದೇ ಆಗಿತ್ತು. ಭ್ರೂಣ ಪ್ರಯೋಗಾಲಯ ನಡೆಸುವವರ ಮಟ್ಟಿಗೆ ವಿಷಯ ಅಲ್ಲಿಗೇ ಮುಗಿಯಿತು: ಬೆರೆಸಿ ಪ್ರಯೋಜನವಿಲ್ಲದ ವಸ್ತುಗಳ ಪಟ್ಟಿಗೆ ಇನ್ನೊಂದು ಹೆಸರು.

ಆದರೆ ಅದೇ ಭ್ರೂಣಗಳ ಒಳಗಿನ, ಜೀನ್‌ಗಳ ಆದೇಶದ ಪ್ರತಿಗಳಾದ ಎಂಆರ್‌ಎನ್‌ಎ ಅಳೆದಾಗ ಬೇರೆ ಸಂಗತಿ ಹೊರಬಿತ್ತು. ಜೀವಕೋಶವನ್ನು ಸಾವಿನತ್ತ ತಳ್ಳುವ ಬ್ಯಾಕ್ಸ್ ಜೀನಿನ ಪ್ರತಿಗಳು ಇಳಿದಿದ್ದವು. ಆ ಸಾವನ್ನು ತಡೆಯುವ ಬಿಸಿಎಲ್2 ಜೀನಿನವು ಏರಿದ್ದವು. ಬೆಳವಣಿಗೆಯ ಹತೋಟಿಗೆ ಸಂಬಂಧಿಸಿದ ಐಜಿಎಫ್2ಆರ್ ಜೀನಿನವೂ ಏರಿದ್ದವು. ಹೊರಗಿನಿಂದ ನೋಡಿದರೆ ಏನೂ ಆಗಿಲ್ಲ, ಒಳಗೆ ಏನೋ ಆಗಿದೆ. ಇಂಥ ಎರಡು ನಾಲಿಗೆಯ ಫಲಿತಾಂಶವನ್ನು ಹೇಗೆ ಓದಬೇಕು ಎಂಬುದೇ ಈ ಪ್ರಕರಣದ ತಿರುಳು. ಇಳುವರಿ ಬದಲಾಗಲಿಲ್ಲ ಎಂದ ಮಾತ್ರಕ್ಕೆ ಎಲ್‌ಪಿಎಗೆ ಭ್ರೂಣದಲ್ಲಿ ಕೆಲಸವಿಲ್ಲ ಎಂದು ತೀರ್ಪು ಕೊಡುವುದು ಅವಸರವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಮೂರು ಜೀನ್‌ಗಳ ಏರಿಳಿತವನ್ನು ಹಿಡಿದುಕೊಂಡು ಸಂಭ್ರಮಿಸುವುದೂ ಅಷ್ಟೇ ಅವಸರ.

ಎಂಟು ದಿನಗಳಲ್ಲಿ ನಡೆಯುವುದು

ಹಸುವಿನ ಅಂಡಾಣು ಫಲಿತಗೊಂಡ ಮೇಲೆ ಮೊದಲ ಕೆಲವು ವಿಭಜನೆಗಳು ತಾಯಿಯ ಬುತ್ತಿಯ ಮೇಲೆಯೇ ನಡೆಯುತ್ತವೆ. ಅಂಡಾಣುವಿನಲ್ಲಿ ಮೊದಲೇ ಕೂಡಿಟ್ಟ ಎಂಆರ್‌ಎನ್‌ಎ ಮತ್ತು ಪ್ರೋಟೀನುಗಳು ಎಂಟರಿಂದ ಹದಿನಾರು ಕೋಶಗಳ ಹಂತದವರೆಗೆ ಭ್ರೂಣವನ್ನು ನಡೆಸುತ್ತವೆ. ಆ ಹಂತದಲ್ಲಿ ಭ್ರೂಣದ ಸ್ವಂತ ಜೀನ್‌ಗಳು ಪೂರ್ಣ ಪ್ರಮಾಣದಲ್ಲಿ ಎಚ್ಚರಗೊಳ್ಳುತ್ತವೆ. ಇಲಿಯಲ್ಲಿ ಇದು ಎರಡು ಕೋಶಗಳ ಹಂತದಲ್ಲೇ ಆಗಿಬಿಡುತ್ತದೆ. ಮನುಷ್ಯನಲ್ಲಿ ನಾಲ್ಕರಿಂದ ಎಂಟು ಕೋಶಗಳ ಹೊತ್ತಿಗೆ. ಈ ವಿಷಯದಲ್ಲಿ ಮಾನವ ಭ್ರೂಣಕ್ಕೆ ಇಲಿಗಿಂತ ಹಸುವೇ ಹತ್ತಿರ. ಹಸುವಿನ ಭ್ರೂಣದ ಮೇಲೆ ಪಶುವೈದ್ಯರಲ್ಲದವರಿಗೂ ಆಸಕ್ತಿ ಇರುವುದಕ್ಕೆ ಇದೊಂದು ಕಾರಣ.

ನಾಲ್ಕೈದನೆಯ ದಿನ ಭ್ರೂಣ ಅಂಡನಾಳದಿಂದ ಗರ್ಭಕೋಶಕ್ಕೆ ಇಳಿಯುತ್ತದೆ. ಏಳನೆಯ ದಿನದ ಹೊತ್ತಿಗೆ ಒಳಗೊಂದು ದ್ರವ ತುಂಬಿದ ಗೂಡು ಮಾಡಿಕೊಂಡು ಬ್ಲಾಸ್ಟೋಸಿಸ್ಟ್ ಆಗುತ್ತದೆ: ಒಳಗಿನ ಕೋಶಗಳ ಗುಂಪು ಮುಂದೆ ಕರುವಾಗಬೇಕು, ಹೊರಪದರ ಮಾಸಿನ ಭಾಗವಾಗಬೇಕು. ಪ್ರಯೋಗಾಲಯದಲ್ಲಿ ಇದನ್ನೆಲ್ಲ 38.5 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸಾಮಾನ್ಯವಾಗಿ ಶೇ 5ರಷ್ಟು ಆಮ್ಲಜನಕದಲ್ಲಿ, ಅಂಡನಾಳದ ದ್ರವವನ್ನು ಅನುಕರಿಸುವ ಕೃತಕ ದ್ರವದೊಳಗೆ ಮಾಡಿಸುತ್ತಾರೆ. ಅಷ್ಟು ಅಚ್ಚುಕಟ್ಟು ಮಾಡಿದರೂ ಬ್ಲಾಸ್ಟೋಸಿಸ್ಟ್ ಹಂತ ತಲುಪುವುದು ಸುಮಾರು ಮೂರರಲ್ಲಿ ಒಂದು ಅಂಡಾಣು ಮಾತ್ರ. ಈ ಕಾರಣಕ್ಕೇ ಪೋಷಕ ದ್ರವಕ್ಕೆ ಏನು ಬೆರೆಸಿದರೆ ಇಳುವರಿ ಏರೀತು ಎಂಬ ಹುಡುಕಾಟ ನಿಂತಿಲ್ಲ. ಆ ಹುಡುಕಾಟಕ್ಕೆ ಶೇಕಡಾವಾರು ಎಣಿಕೆಯೇ ಅಳತೆಗೋಲಾಗಿಬಿಟ್ಟಿದೆ.

ಸಂದೇಶ ಒಯ್ಯುವ ಕೊಬ್ಬು

ಹಸುವಿನ ಅಂಡಾಣುವಿನಲ್ಲಿ ಕೊಬ್ಬಿನ ಹನಿಗಳು ಎಷ್ಟು ತುಂಬಿಕೊಂಡಿರುತ್ತವೆಂದರೆ ಸೂಕ್ಷ್ಮದರ್ಶಕದಡಿ ಅದು ಕಪ್ಪಗೆ ಕಾಣುತ್ತದೆ. ಅದು ಇಂಧನದ ದಾಸ್ತಾನು. ಎಲ್‌ಪಿಎ ಆ ಜಾತಿಯದಲ್ಲ. ಗ್ಲಿಸರಾಲ್ ಬೆನ್ನೆಲುಬಿಗೆ ಒಂದೇ ಒಂದು ಕೊಬ್ಬಿನ ಸರಪಳಿ, ಒಂದು ಫಾಸ್ಫೇಟ್. ಅಷ್ಟೇ ಅದರ ಮೈಕಟ್ಟು. ಕೋಶದ ಹೊರಗೆ ಆಟೊಟ್ಯಾಕ್ಸಿನ್ ಎಂಬ ಕಿಣ್ವ ಲೈಸೋಫಾಸ್ಫಾಟಿಡಿಲ್‌ಕೋಲೀನಿನಿಂದ ಕೋಲೀನನ್ನು ಕತ್ತರಿಸಿ ಎಲ್‌ಪಿಎ ತಯಾರಿಸುತ್ತದೆ. ಫಾಸ್ಫಾಟಿಡಿಕ್ ಆಮ್ಲದಿಂದ ಒಂದು ಕೊಬ್ಬಿನ ಸರಪಳಿಯನ್ನು ಕಳಚುವ ಫಾಸ್ಫೊಲಿಪೇಸ್ ಎ2 ಬಗೆಯ ಕಿಣ್ವಗಳ ಮೂಲಕವೂ ಅದು ಹುಟ್ಟಬಹುದು. ಕೋಶಗಳ ಮೇಲ್ಮೈಯಲ್ಲಿ ಅದನ್ನು ಗುರುತಿಸುವ ಆರು ಗ್ರಾಹಕಗಳಿವೆ. ಎಲ್‌ಪಿಎ ಗ್ರಾಹಕಕ್ಕೆ ಅಂಟಿದ ಕ್ಷಣದಿಂದ ಕೋಶದೊಳಗೆ ಕ್ಯಾಲ್ಸಿಯಂ ಏರುವುದು, ಕೋಶದ ಅಸ್ಥಿಪಂಜರ ಮರುಜೋಡಣೆಯಾಗುವುದು, ಜೀನ್‌ಗಳ ಚಟುವಟಿಕೆ ಬದಲಾಗುವುದು ಒಂದರ ಹಿಂದೊಂದು ನಡೆಯುತ್ತವೆ. ಕೆಲಸ ಮುಗಿದ ಮೇಲೆ ಫಾಸ್ಫೇಟನ್ನು ಕಳಚುವ ಬೇರೆ ಕಿಣ್ವಗಳು ಅದನ್ನು ಬೇಗನೆ ಅಳಿಸಿಹಾಕುತ್ತವೆ.

ಹಸುವಿನ ಗರ್ಭಧಾರಣೆಯಲ್ಲಿ ಎಲ್‌ಪಿಎ ಹೆಸರು ಕೇಳಿಬಂದದ್ದು ಭ್ರೂಣದ ಕಡೆಯಿಂದಲ್ಲ, ತಾಯಿಯ ಕಡೆಯಿಂದ. ಅಂಡಾಣು ಬಿಡುಗಡೆಯಾದ ಜಾಗದಲ್ಲಿ ಹುಟ್ಟುವ ಕಾರ್ಪಸ್ ಲೂಟಿಯಂ ಎಂಬ ಹಳದಿ ಗ್ರಂಥಿ ಪ್ರೊಜೆಸ್ಟರಾನ್ ಹಾರ್ಮೋನನ್ನು ಸುರಿಸುತ್ತಿರುವವರೆಗೆ ಮಾತ್ರ ಗಬ್ಬ ನಿಲ್ಲುತ್ತದೆ. ಭ್ರೂಣದ ಸುಳಿವಿಲ್ಲದಿದ್ದರೆ ಗರ್ಭಕೋಶ ಪ್ರೋಸ್ಟಗ್ಲಾಂಡಿನ್ ಎಫ್2 ಆಲ್ಫಾ ಎಂಬ ಕೊಬ್ಬಿನ ಸಂಕೇತವನ್ನು ಕಳುಹಿಸಿ ಆ ಗ್ರಂಥಿಯನ್ನು ಕರಗಿಸುತ್ತದೆ, ಹಸು ಮತ್ತೆ ಬೆದೆಗೆ ಬರುತ್ತದೆ. ಕಡಸುಗಳಿಗೆ ಎಲ್‌ಪಿಎ ಹರಿಸಿದಾಗ ಈ ಗ್ರಂಥಿಯ ಆಯುಸ್ಸು ಹೆಚ್ಚಿದ್ದನ್ನೂ, ಪ್ರೊಜೆಸ್ಟರಾನ್ ಮತ್ತು ಗ್ರಂಥಿಯನ್ನು ಕಾಯುವ ಪ್ರೋಸ್ಟಗ್ಲಾಂಡಿನ್ ಇ2 ಎರಡೂ ಏರಿದ್ದನ್ನೂ ಪೋಲೆಂಡಿನ ತಂಡ 2009ರ ಹೊತ್ತಿಗೇ ತೋರಿಸಿತ್ತು. ತಾಯಿಯ ಅಂಗಾಂಶ ಎಲ್‌ಪಿಎಗೆ ಕಿವಿಗೊಡುತ್ತದೆ ಎಂದು ಗೊತ್ತಾದ ಮೇಲೆ, ಭ್ರೂಣವೂ ಈ ಮಾತುಕತೆಯಲ್ಲಿ ಪಾಲುದಾರನೇ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು.

ಪ್ರಯೋಗದಲ್ಲಿ ಕಂಡದ್ದು

2014ರ ವರದಿಯಲ್ಲಿ ಎರಡು ಭಾಗಗಳಿವೆ. ಓದುಗರು ಸಾಮಾನ್ಯವಾಗಿ ಎರಡನೆಯದಕ್ಕೆ ಹಾರುತ್ತಾರೆ. ನನ್ನ ಮಟ್ಟಿಗೆ ಮೊದಲನೆಯದೇ ಮುಖ್ಯ.

ಮೊದಲ ಭಾಗದಲ್ಲಿ ಅವರು ಭ್ರೂಣಕ್ಕೆ ಏನನ್ನೂ ಬೆರೆಸಲಿಲ್ಲ, ಸುಮ್ಮನೆ ಹುಡುಕಿದರು. ಐದನೆಯ ದಿನದ ಭ್ರೂಣದಲ್ಲಿ ಮತ್ತು ಎಂಟನೆಯ ದಿನದ ಬ್ಲಾಸ್ಟೋಸಿಸ್ಟ್‌ನಲ್ಲಿ ಎಲ್‌ಪಿಎ ತಯಾರಿಸುವ ಎರಡೂ ಕಿಣ್ವಗಳು ಸಿಕ್ಕವು. ಒಂದರಿಂದ ನಾಲ್ಕರವರೆಗಿನ ಗ್ರಾಹಕಗಳೂ ಸಿಕ್ಕವು. ಎಂಆರ್‌ಎನ್‌ಎ ಮಾತ್ರವಲ್ಲ, ಪ್ರೋಟೀನ್ ರೂಪದಲ್ಲಿಯೂ ಅವು ಇದ್ದವು. ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ: ಭ್ರೂಣಗಳು ಈಜುತ್ತಿದ್ದ ದ್ರವದಲ್ಲಿ ಎರಡೂ ಹಂತಗಳಲ್ಲಿ ಅವು ಬಿಡುಗಡೆ ಮಾಡಿದ ಎಲ್‌ಪಿಎ ಪತ್ತೆಯಾಯಿತು. ಅಂದರೆ ತಯಾರಕನೂ ಗ್ರಾಹಕನೂ ಒಂದೇ ಭ್ರೂಣ. ತನ್ನ ಸಂದೇಶವನ್ನು ತಾನೇ ಕೇಳಿಸಿಕೊಳ್ಳುವ, ಪಕ್ಕದ ಭ್ರೂಣಕ್ಕೂ ಕೇಳಿಸುವ ಏರ್ಪಾಟು.

ಎರಡನೆಯ ಭಾಗವೇ ಬೆರಕೆಯ ಪ್ರಯೋಗ. ಎಲ್‌ಪಿಎ ಸಾಂದ್ರತೆ 10 ಮೈಕ್ರೋಮೋಲಾರ್. ಇಳುವರಿ ಬದಲಾಗದೆ ಉಳಿದದ್ದನ್ನೂ ಮೂರು ಜೀನ್‌ಗಳು ಬದಲಾದದ್ದನ್ನೂ ಆಗಲೇ ಹೇಳಿದ್ದೇನೆ. ಪ್ರೋಸ್ಟಗ್ಲಾಂಡಿನ್ ತಯಾರಿಕೆಗೆ ಬೇಕಾದ ಕಿಣ್ವಗಳ ಜೀನ್‌ಗಳು ಕದಲಲಿಲ್ಲ. ಸ್ಟೆರಾಯ್ಡ್ ಹಾರ್ಮೋನ್ ತಯಾರಿಕೆಯ ಜೀನೂ ಕದಲಲಿಲ್ಲ. ಬಹುಮುಖ ಸಾಮರ್ಥ್ಯದ, ಅಂದರೆ ದೇಹದ ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ ಶಕ್ತಿಯ, ಗುರುತಾದ ಒಸಿಟಿ4 ಕೂಡ ಹಾಗೆಯೇ ಇತ್ತು. ಒಸಿಟಿ4 ಬದಲಾಗದ್ದರಿಂದ ಹೆಚ್ಚೇನೂ ತಿಳಿಯುವುದಿಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ. ಇಲಿಯ ಬ್ಲಾಸ್ಟೋಸಿಸ್ಟ್‌ನಲ್ಲಿ ಅದು ಬೇಗನೆ ಒಳಗಿನ ಕೋಶಗಳಿಗೆ ಸೀಮಿತವಾಗುತ್ತದೆ. ಹಸುವಿನಲ್ಲಿ ಈ ಹಂತದಲ್ಲಿ ಹೊರಪದರದಲ್ಲಿಯೂ ಉಳಿದಿರುತ್ತದೆ. ಇಡೀ ಭ್ರೂಣವನ್ನು ಅರೆದು ಅಳೆದರೆ ಯಾವ ಪದರದಲ್ಲಿ ಏನಾಯಿತು ಎಂಬುದು ಮರೆಯಾಗುತ್ತದೆ.

ಇಳುವರಿ ಏಕೆ ಕದಲಲಿಲ್ಲ

ಮೊದಲ ಭಾಗದ ಫಲಿತಾಂಶವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಎರಡನೆಯದರಲ್ಲಿ ಅಚ್ಚರಿ ಉಳಿಯುವುದಿಲ್ಲ. ಭ್ರೂಣ ತಾನೇ ಎಲ್‌ಪಿಎ ತಯಾರಿಸುತ್ತಿದೆ. ಪ್ರಯೋಗಾಲಯದಲ್ಲಿ ಭ್ರೂಣಗಳನ್ನು ಸಾಮಾನ್ಯವಾಗಿ ಒಂಟಿಯಾಗಿ ಬೆಳೆಸುವುದಿಲ್ಲ. ಎಣ್ಣೆಯ ಹೊದಿಕೆಯಡಿ ಸಣ್ಣ ಹನಿಯಲ್ಲಿ ಹಲವನ್ನು ಒಟ್ಟಿಗೆ ಇಡುತ್ತಾರೆ. ಗುಂಪಿನಲ್ಲಿ ಬೆಳೆದ ಹಸುವಿನ ಭ್ರೂಣಗಳು ಒಂಟಿ ಭ್ರೂಣಗಳಿಗಿಂತ ಚೆನ್ನಾಗಿ ಬೆಳೆಯುತ್ತವೆ ಎಂಬುದು ಹಳೆಯ ಅನುಭವ, ಅವು ದ್ರವಕ್ಕೆ ಬಿಡುವ ಸಂಕೇತಗಳೇ ಅದಕ್ಕೆ ಕಾರಣವೆಂಬ ಊಹೆಯೂ ಹಳೆಯದೇ. ಎಲ್‌ಪಿಎ ಗ್ರಾಹಕಗಳು ನ್ಯಾನೋಮೋಲಾರ್ ಮಟ್ಟದಲ್ಲೇ (ಮೈಕ್ರೋಮೋಲಾರಿನ ಸಾವಿರದಲ್ಲೊಂದು ಪಾಲು) ಎಚ್ಚರಗೊಳ್ಳುವಂಥವು. ಪುಟ್ಟ ಹನಿಯೊಳಗೆ ಭ್ರೂಣಗಳ ಸ್ವಂತ ಉತ್ಪಾದನೆಯೇ ಗ್ರಾಹಕಗಳಿಗೆ ಸಾಕಾಗಿದ್ದರೆ, ಮೇಲಿನಿಂದ ಮತ್ತಷ್ಟು ಬೆರೆಸುವುದು ತುಂಬಿದ ಕೊಡಕ್ಕೆ ನೀರು ಹೊಯ್ದಂತೆ.

ಇನ್ನೊಂದು ತೊಡಕು ನಿಯಂತ್ರಣ ಗುಂಪಿನದು, ಅಂದರೆ ಹೋಲಿಕೆಗಾಗಿ ಏನೂ ಬೆರೆಸದೆ ಬಿಟ್ಟ ಗುಂಪಿನದು. ಭ್ರೂಣದ ಪೋಷಕ ದ್ರವಗಳಲ್ಲಿ ದನದ ರಕ್ತದಿಂದ ತೆಗೆದ ಆಲ್ಬುಮಿನ್ ಅಥವಾ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ) ಇರುವುದು ಮಾಮೂಲು. ಆಲ್ಬುಮಿನ್ ಎಂಬುದು ರಕ್ತದಲ್ಲಿ ಕೊಬ್ಬಿನಣುಗಳನ್ನು ಹೊತ್ತು ತಿರುಗುವ ಪ್ರೋಟೀನ್. ಕೊಬ್ಬನ್ನು ಕಡ್ಡಾಯವಾಗಿ ತೊಳೆದು ತೆಗೆಯದಿದ್ದರೆ ಅದರ ಜೊತೆ ಎಲ್‌ಪಿಎ ಮತ್ತು ಅದರ ಬಂಧುಗಳೂ ತಟ್ಟೆಗೆ ಬಂದು ಸೇರುತ್ತವೆ. ಸೀರಮ್ಮಿನಲ್ಲಂತೂ ಎಲ್‌ಪಿಎ ಮೈಕ್ರೋಮೋಲಾರ್ ಮಟ್ಟದಲ್ಲಿರುತ್ತದೆ. ಕೋಶಗಳ ಬೆಳವಣಿಗೆಗೆ ಕಡಿವಾಣ ಹಾಕುವ ಹಿಪ್ಪೋ ಎಂಬ ಸಂಕೇತ ಸರಣಿಯನ್ನು ಸೀರಂ ಏಕೆ ಸಡಿಲಿಸುತ್ತದೆ ಎಂದು ಹುಡುಕಿದವರು 2012ರಲ್ಲಿ ಕೊನೆಗೆ ಕೈಯಿಟ್ಟದ್ದು ಎಲ್‌ಪಿಎ ಮತ್ತು ಸ್ಫಿಂಗೋಸೀನ್-1-ಫಾಸ್ಫೇಟ್ ಎಂಬ ಎರಡು ಕೊಬ್ಬಿನಣುಗಳ ಮೇಲೆಯೇ. ಹತ್ತು ವರ್ಷ ಕಳೆದು 2022ರಲ್ಲಿ ಮಾನವ ಕಾಂಡಕೋಶಗಳಿಂದ ಬ್ಲಾಸ್ಟೋಸಿಸ್ಟನ್ನು ಹೋಲುವ ರಚನೆಗಳನ್ನು ಬೆಳೆಸಿದಾಗ, ಹಿಪ್ಪೋವನ್ನು ತಡೆಯಲು ದ್ರವಕ್ಕೆ ಹಾಕಿದ್ದೂ ಎಲ್‌ಪಿಎಯನ್ನೇ. ಬ್ಲಾಸ್ಟೋಸಿಸ್ಟ್‌ನ ಹೊರಪದರ ರೂಪುಗೊಳ್ಳುವುದಕ್ಕೆ ಹಿಪ್ಪೋ ಸಡಿಲವಾಗಬೇಕು. ಇಷ್ಟು ಕೇಂದ್ರದಲ್ಲಿರುವ ಸಂಕೇತವನ್ನು ಭ್ರೂಣ ಹೊರಗಿನವರ ಕೃಪೆಗೆ ಬಿಟ್ಟಿರಲಾರದು. ‘ಎಲ್‌ಪಿಎ ಇಲ್ಲದ’ ಗುಂಪು ಎಂದು ನಾವು ಹೆಸರಿಟ್ಟದ್ದರಲ್ಲಿ ಎಲ್‌ಪಿಎ ನಿಜವಾಗಿ ಇಲ್ಲದಿರುವ ಸಾಧ್ಯತೆ ಕಡಿಮೆ.

ಮೂರನೆಯ ವಿವರಣೆ ಒತ್ತಡಕ್ಕೆ ಸಂಬಂಧಿಸಿದ್ದು. ಎಲ್ಲವೂ ಸರಿಯಾಗಿರುವ ತಟ್ಟೆಯಲ್ಲಿ ರಕ್ಷಕನಿಗೆ ಕೆಲಸವಿರುವುದಿಲ್ಲ. ಸ್ಫಿಂಗೋಸೀನ್-1-ಫಾಸ್ಫೇಟಿನ ಕುರಿತು 2004ರಲ್ಲಿ ಪ್ರಕಟವಾದ ಕೆಲಸ ಇದನ್ನು ಚೆನ್ನಾಗಿ ತೋರಿಸುತ್ತದೆ. ಹಸುವಿನ ಅಂಡಾಣುಗಳನ್ನು ಮಾಗಿಸುವಾಗ 41 ಡಿಗ್ರಿಗೆ ಬಿಸಿಮಾಡಿದರೆ ಅವುಗಳಿಂದ ಹುಟ್ಟುವ ಬ್ಲಾಸ್ಟೋಸಿಸ್ಟ್‌ಗಳು ಕುಸಿಯುತ್ತವೆ. ಬಿಸಿಲ ಕಾಲದಲ್ಲಿ ಹಾಲು ಕೊಡುವ ಹಸುಗಳು ಗಬ್ಬ ಕಟ್ಟದಿರುವುದಕ್ಕೆ ಇದೇ ಒಂದು ಕಾರಣ. ದ್ರವಕ್ಕೆ 50 ನ್ಯಾನೋಮೋಲಾರ್‌ನಷ್ಟು ಸ್ಫಿಂಗೋಸೀನ್-1-ಫಾಸ್ಫೇಟ್ ಬೆರೆಸಿದಾಗ ಬಿಸಿಯುಂಡ ಅಂಡಾಣುಗಳು ಚೇತರಿಸಿಕೊಂಡವು. 38.5 ಡಿಗ್ರಿಯಲ್ಲಿ ಹಾಯಾಗಿ ಮಾಗಿದವುಗಳಲ್ಲಿ ಅದರಿಂದ ವ್ಯತ್ಯಾಸ ಕಾಣಲಿಲ್ಲ. ಆ ಸಂಶೋಧಕರು ಬಿಸಿಯ ಗುಂಪನ್ನು ಇಟ್ಟುಕೊಳ್ಳದಿದ್ದರೆ ಅವರ ವರದಿಯೂ ‘ಪರಿಣಾಮವಿಲ್ಲ’ ಎಂಬ ಸಾಲಿನಲ್ಲಿ ಮುಗಿಯುತ್ತಿತ್ತು. ಎಲ್‌ಪಿಎ ಪಡೆದ ಬ್ಲಾಸ್ಟೋಸಿಸ್ಟ್‌ಗಳಲ್ಲಿ ಬ್ಯಾಕ್ಸ್ ಇಳಿದು ಬಿಸಿಎಲ್2 ಏರಿದೆ ಎಂದಾಗ ನನಗೆ ಮೊದಲು ನೆನಪಾಗುವುದು ಈ ಪ್ರಯೋಗ. ಕೋಶ ಸಾಯದಂತೆ ಸಿದ್ಧತೆ ಆಗಿದೆ, ಆದರೆ ಸಾಯಿಸುವಂಥದ್ದು ಏನೂ ಎದುರಾಗಿಲ್ಲ.

ಮೂರು ಜೀನ್‌ಗಳನ್ನು ಎಷ್ಟು ನಂಬಬೇಕು

ಈಗ ಇನ್ನೊಂದು ಕಡೆಯ ವಾದ. ಬ್ಯಾಕ್ಸ್ ಮತ್ತು ಬಿಸಿಎಲ್2 ಎರಡೂ ಮೈಟೊಕಾಂಡ್ರಿಯದ ಹೊರಪೊರೆಯ ಮೇಲೆ ಹಗ್ಗಜಗ್ಗಾಟ ನಡೆಸುವ ಪ್ರೋಟೀನುಗಳು. ಬ್ಯಾಕ್ಸ್ ಗೆದ್ದರೆ ಪೊರೆಯಲ್ಲಿ ರಂಧ್ರ ಬಿದ್ದು ಕೋಶ ಸಾಯುತ್ತದೆ. ಈ ಗೆಲುವು ಸೋಲು ತೀರ್ಮಾನವಾಗುವುದು ಪ್ರೋಟೀನಿನ ಆಕಾರ ಮತ್ತು ಜಾಗದ ಮೇಲೆ. ಎಂಆರ್‌ಎನ್‌ಎ ಪ್ರತಿಗಳ ಪ್ರಮಾಣ ಅದರ ದೂರದ ಸೂಚನೆ ಮಾತ್ರ. ಬ್ಲಾಸ್ಟೋಸಿಸ್ಟ್‌ನಲ್ಲಿ ಕೆಲವು ಕೋಶಗಳು ಸಾಯುವುದು ಸಹಜವೂ ಹೌದು. ಕೆಟ್ಟ ಕೋಶಗಳನ್ನು ಕಳೆದುಕೊಳ್ಳುವ ದಾರಿ ಅದು. ಸಾವು ಕಡಿಮೆಯಾದರೆ ಒಳ್ಳೆಯದೇ ಎಂದು ಕಣ್ಣುಮುಚ್ಚಿ ಹೇಳಲಾಗದು.

ಐಜಿಎಫ್2ಆರ್ ವಿಷಯ ಇನ್ನೂ ಕುತೂಹಲದ್ದು. ಇದನ್ನು ‘ಬೆಳವಣಿಗೆಯ ಗುರುತು’ ಎಂದು ಕರೆದಾಗ ಬೆಳವಣಿಗೆ ಹೆಚ್ಚಿಸುವ ಜೀನ್ ಎಂಬ ಭಾವನೆ ಬರುತ್ತದೆ. ವಾಸ್ತವ ತಿರುಗುಮುರುಗು. ಈ ಗ್ರಾಹಕ ಬೆಳವಣಿಗೆಯ ಅಂಶವಾದ ಐಜಿಎಫ್2 ಅನ್ನು ಹಿಡಿದು ಕೋಶದೊಳಗಿನ ಕಸದ ಚೀಲಕ್ಕೆ ಸಾಗಿಸುತ್ತದೆ. ತಟ್ಟೆಯಲ್ಲಿ ಬೆಳೆಸಿದ ಕುರಿಯ ಭ್ರೂಣಗಳಿಂದ ಹುಟ್ಟಿದ, ಮಿತಿಮೀರಿ ದೊಡ್ಡದಾದ ಗರ್ಭಸ್ಥ ಮರಿಗಳಲ್ಲಿ ಐಜಿಎಫ್2ಆರ್ ತಗ್ಗಿರುವುದು 2001ರಲ್ಲಿ ವರದಿಯಾಯಿತು. ಹಸುಗಳಲ್ಲಿಯೂ ಪ್ರಯೋಗಾಲಯದ ಭ್ರೂಣಗಳಿಂದ ದೈತ್ಯ ಕರುಗಳು ಹುಟ್ಟುವ ತೊಂದರೆ ಇದೆ. ಸೀರಂ ಬೆರೆಸಿದ ದ್ರವಗಳ ಮೇಲೆ ಆ ಆಪಾದನೆ ಹೆಚ್ಚು. ಆ ಬೆಳಕಿನಲ್ಲಿ ನೋಡಿದರೆ ಐಜಿಎಫ್2ಆರ್ ಏರಿದ್ದು ಭ್ರೂಣ ಬೇಗ ಬೆಳೆಯಿತು ಎಂಬುದರ ಗುರುತಾಗುವುದಕ್ಕಿಂತ, ಬೆಳವಣಿಗೆಗೆ ಕಡಿವಾಣ ಉಳಿಯಿತು ಎಂಬುದರ ಗುರುತಾಗಬಹುದು. ಎಂಟನೆಯ ದಿನದ ಒಂದು ಅಳತೆಯಿಂದ ಇಷ್ಟು ದೂರದ ಮಾತು ಹೇಳುವುದು ಸಾಹಸ ಎಂಬುದೂ ನಿಜ. ಆದರೆ ಕರು ಹುಟ್ಟುವವರೆಗೆ ಕಾದು ನೋಡಬೇಕಾದ ಜೀನ್ ಯಾವುದು ಎಂದು ಕೇಳಿದರೆ ಈ ಮೂರರಲ್ಲಿ ನಾನು ಇದನ್ನೇ ಆರಿಸುತ್ತೇನೆ.

ಎಂಟನೆಯ ದಿನದ ಆಚೆ

ಹಸುವಿನಲ್ಲಿ ಗಬ್ಬ ತಪ್ಪುವುದು ಬಹುಪಾಲು ಮೊದಲ ಎರಡು ಮೂರು ವಾರಗಳಲ್ಲಿ. ಬ್ಲಾಸ್ಟೋಸಿಸ್ಟ್ ಆಗಿ ಬೀಗಿದ ಭ್ರೂಣಕ್ಕೆ ಮುಂದಿನ ಪರೀಕ್ಷೆ ಅದಕ್ಕಿಂತ ಕಠಿಣ. ಎಂಟೊಂಬತ್ತನೆಯ ದಿನ ಹೊರಚಿಪ್ಪನ್ನು ಒಡೆದು ಬರಬೇಕು. ಎರಡನೆಯ ವಾರದ ಕೊನೆಗೆ ಗೋಲಾಕಾರ ಬಿಟ್ಟು ದಾರದಂತೆ ಉದ್ದವಾಗತೊಡಗಬೇಕು. ಹದಿನಾರನೆಯ ದಿನದ ಆಸುಪಾಸಿನಲ್ಲಿ ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನನ್ನು ಸಾಕಷ್ಟು ಸುರಿಸಿ ತಾಯಿಗೆ ತನ್ನ ಇರವನ್ನು ತಿಳಿಸಬೇಕು. ಆ ಸುದ್ದಿ ತಲುಪದಿದ್ದರೆ ಹಳದಿ ಗ್ರಂಥಿ ಕರಗುತ್ತದೆ. ಕೊಬ್ಬಿನ ಸಂಕೇತಗಳಿಗೆ ನಿಜವಾದ ಕೆಲಸ ಸಿಗುವುದು ಈ ಹಂತದಲ್ಲಿ. ಹಸುವಿನ ಹತ್ತಿರದ ಬಂಧುವಾದ ಕುರಿಯಲ್ಲಿ ಪ್ರೋಸ್ಟಗ್ಲಾಂಡಿನ್ ತಯಾರಿಕೆಯನ್ನು ತಡೆಯುವ ಮೆಲಾಕ್ಸಿಕಾಮ್ ಔಷಧವನ್ನು ಗರ್ಭಕೋಶಕ್ಕೆ ಹರಿಸಿದಾಗ ಭ್ರೂಣ ಉದ್ದವಾಗುವುದೇ ನಿಂತುಹೋಯಿತು. ಕೊಬ್ಬಿನಣುಗಳನ್ನು ಗುರುತಿಸುವ ಪಿಪಿಎಆರ್ ಗಾಮಾ ಎಂಬ ಪ್ರೋಟೀನನ್ನು ಕುರಿಯ ಭ್ರೂಣದಲ್ಲಿ ಅಡಗಿಸಿದಾಗಲೂ ಅದೇ ಗತಿ.

ಎಲ್‌ಪಿಎ ಮತ್ತು ಪ್ರೋಸ್ಟಗ್ಲಾಂಡಿನ್‌ಗಳ ನಂಟಿಗೆ ಗಟ್ಟಿ ಸಾಕ್ಷ್ಯ ಇಲಿಯಿಂದ ಬಂದಿದೆ. ಮೂರನೆಯ ಎಲ್‌ಪಿಎ ಗ್ರಾಹಕವಿಲ್ಲದ ಹೆಣ್ಣಿಲಿಗಳಲ್ಲಿ ಭ್ರೂಣಗಳು ಗರ್ಭಕೋಶಕ್ಕೆ ತಡವಾಗಿ ಅಂಟುತ್ತವೆ, ಸಮಾನ ಅಂತರದಲ್ಲಿ ಕೂರದೆ ಒತ್ತೊತ್ತಾಗಿ ಸೇರುತ್ತವೆ ಎಂದು 2005ರಲ್ಲಿ ಪ್ರಕಟವಾಯಿತು. ಆ ಗರ್ಭಕೋಶಗಳಲ್ಲಿ ಪ್ರೋಸ್ಟಗ್ಲಾಂಡಿನ್ ಮಟ್ಟ ಇಳಿದಿತ್ತು. ದೋಷವಿದ್ದದ್ದು ತಾಯಿಯಲ್ಲಿ; ಗ್ರಾಹಕವಿಲ್ಲದ ಭ್ರೂಣವನ್ನು ಸಾಮಾನ್ಯ ತಾಯಿಗೆ ವರ್ಗಾಯಿಸಿದರೆ ಅದು ಸರಿಯಾಗಿಯೇ ನೆಲೆಯೂರುತ್ತಿತ್ತು. ಇದನ್ನು ನಮ್ಮ ಪ್ರಕರಣಕ್ಕೆ ಹೊಂದಿಸಿದರೆ ಒಂದು ಸಾಧ್ಯತೆ ಕಾಣುತ್ತದೆ. ಭ್ರೂಣ ಬಿಡುಗಡೆ ಮಾಡುವ ಎಲ್‌ಪಿಎಯ ಮುಖ್ಯ ವಿಳಾಸ ಭ್ರೂಣವೇ ಅಲ್ಲದಿರಬಹುದು. ಗರ್ಭಕೋಶದ ಗೋಡೆ ಇರಬಹುದು. ತಟ್ಟೆಯಲ್ಲಿ ಗೋಡೆ ಇಲ್ಲ. ಪತ್ರ ತಲುಪಬೇಕಾದವರೇ ಇಲ್ಲದ ಕೋಣೆಯಲ್ಲಿ ಅದರ ಪರಿಣಾಮ ಅಳೆದಿದ್ದೇವೆ.

ಬ್ಲಾಸ್ಟೋಸಿಸ್ಟ್‌ಗಳ ಎಣಿಕೆ ಎಷ್ಟು ಮೊಂಡು ಅಳತೆ ಎಂಬುದಕ್ಕೆ 2006ರ ಇನ್ನೊಂದು ಪ್ರಯೋಗವನ್ನು ನೆನೆಯಬಹುದು. ಹಸುವಿನ ಬ್ಲಾಸ್ಟೋಸಿಸ್ಟ್‌ನ ಒಂದು ತುಣುಕನ್ನು ಕತ್ತರಿಸಿ ಇಟ್ಟುಕೊಂಡು ಉಳಿದ ಭಾಗವನ್ನು ಹಸುಗಳಿಗೆ ವರ್ಗಾಯಿಸಿದರು. ಕರು ಹುಟ್ಟಿದ ಭ್ರೂಣಗಳ ತುಣುಕುಗಳನ್ನು, ಗಬ್ಬ ನಿಲ್ಲದ ಭ್ರೂಣಗಳ ತುಣುಕುಗಳೊಂದಿಗೆ ಹೋಲಿಸಿದರು. ಕರುವಾದವುಗಳಲ್ಲಿ ಎದ್ದುಕಂಡ ಜೀನ್‌ಗಳ ಪೈಕಿ ಪ್ರೋಸ್ಟಗ್ಲಾಂಡಿನ್ ತಯಾರಿಸುವ ಕಾಕ್ಸ್2 ಇತ್ತು, ಕೊಬ್ಬಿನಾಮ್ಲಗಳನ್ನು ಸಂಕೇತಗಳಾಗಿ ಮಾರ್ಪಡಿಸುವ ಎಎಲ್ಒಎಕ್ಸ್15 ಇತ್ತು. ಕರುವಾದವೂ ಆಗದವೂ ಎಲ್ಲವೂ ವರ್ಗಾವಣೆಗೆ ಯೋಗ್ಯ ಎಂದು ಆರಿಸಿದ ಭ್ರೂಣಗಳೇ.

ಕೇಳದೆ ಉಳಿದ ಪ್ರಶ್ನೆ

ನನ್ನ ವಾದಕ್ಕೆ ವಿರುದ್ಧ ನಿಲ್ಲುವ ಒಂದು ಸಾಕ್ಷ್ಯವೂ ಇದೆ. ಆಟೊಟ್ಯಾಕ್ಸಿನ್ ಜೀನ್ ಇಲ್ಲದ ಇಲಿಯ ಭ್ರೂಣಗಳು ಬ್ಲಾಸ್ಟೋಸಿಸ್ಟ್ ಹಂತವನ್ನು ದಾಟುತ್ತವೆ, ಗರ್ಭಕೋಶಕ್ಕೆ ಅಂಟಿಕೊಳ್ಳುತ್ತವೆ. ಗರ್ಭದ ಹತ್ತನೆಯ ದಿನದ ಸುಮಾರಿಗೆ ರಕ್ತನಾಳಗಳು ಸರಿಯಾಗಿ ರೂಪುಗೊಳ್ಳದೆ ಸಾಯುತ್ತವೆ. ಮೊದಲ ವಾರದಲ್ಲಿ ಭ್ರೂಣಕ್ಕೆ ಸ್ವಂತ ಎಲ್‌ಪಿಎ ಅನಿವಾರ್ಯವಲ್ಲ ಎಂದು ಇದರಿಂದ ವಾದಿಸಬಹುದು. ಆದರೆ ಅವುಗಳ ತಾಯಂದಿರಲ್ಲಿ ಆ ಜೀನಿನ ಒಂದು ಪ್ರತಿ ಸರಿಯಾಗಿಯೇ ಇತ್ತು, ಅಂಡನಾಳ ಗರ್ಭಕೋಶಗಳ ದ್ರವದಿಂದ ಎಲ್‌ಪಿಎ ಸಿಗುತ್ತಲೇ ಇತ್ತು. ತಟ್ಟೆಯ ಹಸುವಿನ ಭ್ರೂಣಕ್ಕೆ ಅಂಥ ತಾಯಿ ಇಲ್ಲ. ಹೀಗಾಗಿ ಈ ಪ್ರಶ್ನೆಗೆ ಇಲಿಗಿಂತ ತಟ್ಟೆಯೇ ಯೋಗ್ಯ ಜಾಗ, ಸರಿಯಾಗಿ ಕೇಳಿದರೆ.

ಸರಿಯಾಗಿ ಕೇಳುವುದೆಂದರೆ ಬೆರೆಸುವುದನ್ನು ಬಿಟ್ಟು ಕಿತ್ತುಕೊಳ್ಳುವುದು. ಕೊಬ್ಬು ತೆಗೆದ ಆಲ್ಬುಮಿನ್, ಅಥವಾ ಆಲ್ಬುಮಿನ್ ಬದಲು ಪಾಲಿವಿನೈಲ್ ಆಲ್ಕೋಹಾಲ್ ಎಂಬ ಕೃತಕ ವಸ್ತು ಹಾಕಿದ ದ್ರವ. ಅದರಲ್ಲಿ ಆಟೊಟ್ಯಾಕ್ಸಿನ್ ತಡೆಯುವ ಪಿಎಫ್-8380 ಅಥವಾ ಒಂದು ಮತ್ತು ಮೂರನೆಯ ಗ್ರಾಹಕಗಳನ್ನು ಮುಚ್ಚುವ ಕೆಐ16425. ಈ ಎರಡೂ ರಾಸಾಯನಿಕಗಳು ಪ್ರಯೋಗಾಲಯಗಳಿಗೆ ಹೊಸವಲ್ಲ. ಆಟೊಟ್ಯಾಕ್ಸಿನ್ ತಡೆದಾಗ ಬ್ಲಾಸ್ಟೋಸಿಸ್ಟ್‌ಗಳು ಕುಸಿದು, ಜೊತೆಗೆ ಎಲ್‌ಪಿಎ ಕೊಟ್ಟಾಗ ಮತ್ತೆ ಎದ್ದರೆ ಅದು ಸಾಕ್ಷ್ಯ. ಎಲ್‌ಪಿಎ ಕೊಟ್ಟರೂ ಏಳದಿದ್ದರೆ ತಡೆಯುವ ವಸ್ತುವೇ ವಿಷವಾಗಿತ್ತು ಎಂದು ಅನುಮಾನಿಸಬೇಕು. ಹಸುವಿನ ಭ್ರೂಣದಲ್ಲಿ ಜೀನನ್ನೇ ಅಳಿಸುವ ತಂತ್ರವೂ ಕೈಗೆ ಬಂದಿದೆ; ಒಸಿಟಿ4 ಇಲ್ಲದ ಹಸುವಿನ ಭ್ರೂಣ ಏನಾಗುತ್ತದೆ ಎಂಬುದನ್ನು 2018ರಲ್ಲೇ ನೋಡಿದ್ದಾರೆ. ಇದರ ಪಕ್ಕದಲ್ಲಿ 41 ಡಿಗ್ರಿಯ ಗುಂಪೊಂದು, ಒಂಟಿಯಾಗಿ ಬೆಳೆಸಿದ ಭ್ರೂಣಗಳ ಗುಂಪೊಂದು ಇರಲಿ. ಒಂಟಿ ಭ್ರೂಣಕ್ಕೆ ನೆರೆಯವರ ಎಲ್‌ಪಿಎ ಸಿಗುವುದಿಲ್ಲವಾದ್ದರಿಂದ ಹೊರಗಿನ ಎಲ್‌ಪಿಎಗೆ ಅದು ಹೆಚ್ಚು ಸ್ಪಂದಿಸಬೇಕು. ಸ್ಪಂದಿಸದಿದ್ದರೆ, ಭ್ರೂಣ ತನ್ನ ಎಲ್‌ಪಿಎಯಿಂದಲೇ ತೃಪ್ತವಾಗಿದೆ ಎಂಬ ನನ್ನ ವಿವರಣೆಯ ಮೇಲೆ ಅನುಮಾನ ಪಡಲು ಅದೇ ಮೊದಲ ಕಾರಣವಾಗುತ್ತದೆ.